ಬೋರಲು ಹಾಕಿದ ಒಳಲೆ

ನಾನು ಸುಳ್ಳು ಹೇಳೋಳಲ್ಲ. ವಸಿ ಉಬ್ಬಿಸ್ತೀನಿ, ಅಷ್ಟೇಯ. ಎಣ್ಣೆಗೆ ಬಿಟ್ಟ ಪೂರಿ ಉಬ್ಕೊಂಡ್ರೆ ಅದನ್ನ ಸುಳ್ಳು ಪೂರಿ ಅಂತ ಯಾರಾದ್ರೂ ಅಂತಾರಾ? ಒಳಗಿರೋ ಹಿಟ್ಟು ಹಿಟ್ಟೇ. ಹಂಗಾಗಿ ನನ್ನ ವಾರಗಿತ್ತಿ ಚಿಕ್ಕತಾಯಮ್ಮನ ಮನೆ ಹುಣಸೆಮರ ದಾಟಿ ಹೋದ ಕತೇಲಿ ಅಲ್ಲಲ್ಲಿ ಉಬ್ಬು ಕಂಡ್ರೆ ಸೈರಿಸ್ಕಳಿ. ನನ್ನ ಹೆಸ್ರೇ ದುಂಡಮ್ಮ, ತೆಳ್ಳಗೆ ಹೇಳಕ್ಕೆ ನಂಗೆ ಬರಾಕಿಲ್ಲ.

ನಮ್ಮೂರಲ್ಲಿ ಮನೆಗಳು ಒಂದ್ಕಡೆ ನಿಲ್ಲಲ್ಲ. ಯಾರ ಮನೆ ಎಲ್ಲಿ ಅಂತ ಜನ ಜಾಸ್ತಿ ಕೇಳ್ತಾರೋ ಆ ಮನೆ ಬಸ್ ಸ್ಟ್ಯಾಂಡಿನ ಕಡೆ ಮುಂದಕ್ಕೆ ಬತ್ತದೆ. ಯಾರೂ ಕೇಳದ ಮನೆ ಹಿಂದಕ್ಕೆ ಸರೀತದೆ. ಕೋಳಿ ಕೂಗೋ ಹೊತ್ಗೆ ನೆಲ ವಸಿ ಗಡಗಡ ಅಂತದೆ, ಬಾಗ್ಲು ತೆಗೆದ್ರೆ ಎದುರ್ಗಡೆ ಬ್ಯಾರೆ ಮನೆ. ಅದ್ಕೇಯ ನಾವು ಪಾತ್ರೆಗಳ್ನ ಹಗ್ಗ ಹಾಕಿ ಕಟ್ಟಿ ಮಲಗೋದು. ರಂಗೋಲಿನೂ ಬೆಳಕು ಹರಿದ ಮ್ಯಾಲೇ ಬಿಡೋದು, ಮುಂಚೆ ಬಿಟ್ರೆ ಅದು ಯಾವಳ ಬಾಗ್ಲಿಗೋ ಸೇರ್ತದೆ. ಹೆಣ್ಣು ನೋಡಕ್ಕೆ ಬಂದೋರು ನಿನ್ನೆ ನೋಡಿದ್ದ ಗುರುತಿನ ಮ್ಯಾಲೆ ಬ್ಯಾರೆ ಮನೆಗೆ ನುಗ್ಗಿ, ಉಪ್ಪಿಟ್ಟು ತಿಂದು, ಬ್ಯಾರೆ ಹುಡುಗೀನೇ ಒಪ್ಪಿಬುಟ್ಟಿದ್ದೂ ಉಂಟು. ಅವ್ರಿಗೀಗ ಮೊಮ್ಮಕ್ಕಳವ್ರೆ, ಚೆನ್ನಾಗೇ ಅವ್ರೆ. ಮರ, ಬಾವಿ, ಬಸ್ ಸ್ಟ್ಯಾಂಡು ಮಾತ್ರ ಅಲ್ಲಾಡಲ್ಲ. ಊರಿನ ಹಿಂಬದಿ ಕೊನೇಗೊಂದು ಹುಣಸೆಮರ ಐತೆ. ಅದನ್ನ ದಾಟಿ ಹೋದ ಮನೆ ಆಮೇಲೆ ಯಾರ ಕಣ್ಣಿಗೂ ಬೀಳಲ್ಲ, ಯಾರ ಕಾಲಿಗೂ ಸಿಗಲ್ಲ.

ನನ್ನ ಮನೆ ಮೂರನೇ ಸಾಲಿಂದ ಹಿಂದಕ್ಕೆ ಹೋಗಿದ್ದು ನಂಗೆ ಗ್ಯಾನ ಇಲ್ಲ. ಅಂಗಡಿ ಇಲ್ಲ, ಕಸುಬಿಲ್ಲ, ಗಂಡ ಇಲ್ಲ, ಬಾಯಿ ಒಂದೈತೆ. ಊರಲ್ಲಿ ಯಾರ ಸುದ್ದಿ ಬೇಕಾದ್ರೂ ಮೊದ್ಲು ದುಂಡಮ್ಮನ ಮನೆ ಎಲ್ಲಿ ಅಂತ್ಲೇ ಕೇಳ್ಬೇಕು. ನನ್ನ ವಾರಗಿತ್ತಿ ಚಿಕ್ಕತಾಯಿ ಇದ್ದಾಳಲ್ಲ, ನನ್ನ ಮೈದುನನ ಹೆಂಡ್ತಿ, ಅವಳ್ದು ಉಲ್ಟಾ. ಊರಿಗೆಲ್ಲ ಬೇಕಾದವ್ಳು, ಆದ್ರೆ ಅವಳ ಹೆಸ್ರನ್ನ ಯಾರೂ ಬಾಯಿ ಬಿಟ್ಟು ಕೇಳಲ್ಲ. ಯಾಕಂದ್ರೆ ಅವಳ ಕೆಲ್ಸ ಅಂಥಾದ್ದು. ಹುಟ್ಟಿದ ಕೂಸು ಮೊಲೆ ಹಿಡೀದೆ ಹಟ ಮಾಡಿದ್ರೆ, ಬಾಣಂತಿ ಎದೆ ಕಟ್ಕೊಂಡು ಒದ್ದಾಡಿದ್ರೆ, ಚಿಕ್ಕತಾಯಿ ಹೋಗಿ ಕೂಸಿನ ತಲೆ ಹಿಂಗೆ ತಿರುಗ್ಸಿ, ತಾಯಿ ಬೆನ್ನಿಗೆ ಹಂಗೊಂದು ದಿಂಬು ಕೊಟ್ಟು, ಕೂಸಿನ ಕಿವಿ ಹತ್ರ ಅದೇನೋ ಗುನುಗ್ತಾಳೆ. ಕೂಸು ಲೊಚಕ್ ಅಂತ ಹಿಡ್ಕಂತದೆ. ಹಿಂಗೆ ಅವಳು ಕುಡಿಸಿದ ಕೂಸುಗಳ್ನೆಲ್ಲ ಸಾಲಾಗಿ ನಿಲ್ಸಿದ್ರೆ ಸಮುದ್ರದವರ್ಗೂ ಹೋಯ್ತದೆ, ಅಲ್ಲಿಂದ ಎರಡು ಕೂಸು ನೀರಿಗೂ ಇಳೀತವೆ.

ಇಂಥಾ ಮಾತನ್ನ ಬಸ್ ಸ್ಟ್ಯಾಂಡಲ್ಲಿ ನಿಂತು ಯಾವ ಹೆಂಗಸು ಕೇಳ್ತಾಳೆ? ಅದ್ಕೊಂದು ಪದ್ಧತಿ ಐತೆ. ಕೂಸಿಗೆ ಹಾಲು ಕುಡಿಸೋ ಮೂತಿಬಟ್ಲು, ಒಳಲೆ ಅಂತೀವಲ್ಲ, ಅದನ್ನ ಹಿತ್ತಿಲ ಬಾಗ್ಲ ಮೆಟ್ಟಿಲ ಮ್ಯಾಲೆ ಬೋರಲು ಹಾಕೋದು. ಚಿಕ್ಕತಾಯಿ ದಿನಾ ಹಿತ್ತಿಲುಗಳ ಮಗ್ಗುಲಲ್ಲೇ ಒಂದು ಸುತ್ತು ಬರೋಳು, ಒಳಲೆ ಕಂಡ ಕಡೆ ಒಳಕ್ಕೆ ಹೋಗೋಳು. ಕೇಳಿದೋರೂ ಇಲ್ಲ, ಹೇಳಿದೋರೂ ಇಲ್ಲ. ಹಂಗಾಗಿ ಅವಳ ಮನೆ ಯಾವಾಗ್ಲೂ ಹಿಂದ್ಲ ಸಾಲಲ್ಲೇ. ಅವಳ ಕಾಲು ಗಟ್ಟಿ ಇರೋವರ್ಗೂ ಅದೊಂದು ಕಷ್ಟ ಅಂತ್ಲೇ ಅನ್ನಿಸಲಿಲ್ಲ. ಮಂಡಿ ಹಿಡ್ಕೊಂಡ್ಮೇಲೆ ಸುತ್ತು ನಿಂತೋಯ್ತು. ಬೋರಲು ಒಳಲೆಗಳು ಮೆಟ್ಟಿಲ ಮ್ಯಾಲೆ ಬಿಸಿಲಿಗೆ ಕಾದ್ವು, ಅವಳ ಮನೆ ಹುಣಸೆಮರದ ನೆರಳಿಗೆ ಬಂತು.

ಹೊತ್ತಲ್ಲದ ಹೊತ್ನಲ್ಲಿ ಇನ್ನೊಂದು ಕಾಟ ಬಂತು, ಫೋನಿಂದು. ಅದ್ಕೂ ಮುಂಚೆ ಎಲ್ಲ ಬಾಯಲ್ಲೇ ಕೇಳೋರು. ಪುರಸಭೆಯೋರು ಊರಿಗೇ ಅಂತ ಒಂದು ಹುಡುಕೋ ಸೈಟು ಮಾಡಿಸಿ ಎಲ್ಲರ ಫೋನಿಗೂ ಹಾಕ್ಸಿದ್ರು. ಅದ್ರಲ್ಲೊಂದು ಉದ್ದನೆ ಡಬ್ಬ. ಬೇಕಾದ್ದನ್ನ ಅದ್ರೊಳಗೆ ಒತ್ತಿದ್ರೆ ಮನೆ ತೋರಿಸ್ಬೇಕು. ಅದು ಹೆಚ್ಚಾಗಿ ತೋರಿಸ್ತಿದ್ದದ್ದು ಎರಡೇ. ಒಂದು ಡೈರಿ, ಇನ್ನೊಂದು ಏನೂ ಸಿಗಲಿಲ್ಲ ಅನ್ನೋ ಮಾತು. ಡೈರಿ ನಮ್ಮ ಪುರಸಭೆ ಅಧ್ಯಕ್ಷ ಕೆಂಪಣ್ಣಂದು. ಅವನ ನೆಂಟ್ರೆಲ್ಲ ಹಲ್ಲುಜ್ಜೋಕ್ಮುಂಚೆ ಡೈರಿ ಡೈರಿ ಅಂತ ಫೋನಲ್ಲಿ ಒತ್ತೋರು, ಡೈರಿ ಬಸ್ ಸ್ಟ್ಯಾಂಡಿಗೆ ಅಂಟ್ಕೊಂಡು ಕೂತುಬುಟ್ಟಿತ್ತು. ಕಾಲು ಉಳುಕೈತೆ ಅಂತ ಒತ್ತಿದ್ರೆ ಏನೂ ಸಿಗಲಿಲ್ಲ. ಮಾಲೀಸು ಅಂತ ಒತ್ತಿದ್ರೆ ಮಾತ್ರ ಮಾಲೀಸು ರಾಚಯ್ಯನ ಮನೆ. ಕಾಲು ಉಳುಕ್ದೋನಿಗೆ ಗೊತ್ತಿರೋದು ನೋವು ಕಣ್ರಪ್ಪ, ರಾಚಯ್ಯನ ಕಸುಬಿನ ಹೆಸರಲ್ಲ. ಜನ ಬೈಯಕ್ಕೆ ಹತ್ತಿದ್ಮೇಲೆ ಕೆಂಪಣ್ಣ ಹೊರಗಿಂದ ಒಬ್ಳು ಹುಡುಗೀನ ಕರೆಸ್ದ.

ಸೈಟು ಸರಿ ಮಾಡಕ್ಕೆ ಬಂದವ್ಳೆ ಅಂದ್ರು. ಮೂವತ್ತು ನಲವತ್ತರದೋ, ಕಾರ್ನರ್ ಸೈಟೋ ಅಂತ ಕೇಳಿದೆ. ಅವಳು ಹೊಟ್ಟೆ ಹಿಡ್ಕೊಂಡು ನಕ್ಕಳು, ನಗೋ ಹುಡುಗಿ ಅಂತ ನನ್ನ ನಡುಮನೇನೇ ಬಾಡಿಗೆಗೆ ಕೊಟ್ಟೆ. ಹೆಸರು ತೇಜಸ್ವಿನಿ. ನನ್ನ ಹಲ್ಲಿಗೆ ಅಷ್ಟುದ್ದ ಆಗಲ್ಲ, ತೇಜಮ್ಮ ಅಂದೆ. ಬಂದವಳೇ ಕಂಪ್ಯೂಟರ್ ಮುಟ್ಟಲಿಲ್ಲ. ಬಸ್ ಸ್ಟ್ಯಾಂಡಲ್ಲಿ, ಗಿರಣಿ ಮುಂದೆ, ಬಾವಿಕಟ್ಟೆ ಮ್ಯಾಲೆ ಕೂತ್ಕೊಂಡು ಜನರ ಹೆಬ್ಬೆಟ್ಟು ನೋಡ್ತಿದ್ಲು. ಮುಖ ಅಲ್ಲ, ಹೆಬ್ಬೆಟ್ಟು. ಯಾರು ಎಲ್ಲಿ ಒತ್ತಿದ್ರು, ಎಲ್ಲಿ ತಡೆದ್ರು, ಎಲ್ಲಿ ಥೂ ಅಂತ ಫೋನು ಜೇಬಿಗೆ ಹಾಕ್ಕೊಂಡ್ರು. ನಮ್ಮ ಹೆಂಗಸ್ರು ಯಾರ ಮನೆ ಹೆಣ್ಣು ಪಾಪ, ತಲೆ ಸರಿ ಇಲ್ಲ ಅಂದ್ಕೊಂಡು ಬೆಲ್ಲ ಕೊಟ್ರು. ಹಂಗಲ್ಲ, ನೀನು ಅವ್ರನ್ನೇ ಕೇಳ್ಬಾರ್ದಾ ಏನ್ ಬೇಕು ಅಂತ ಅಂದೆ. ಕೇಳಿದ್ರೆ ಎಲ್ರೂ ಚೆನ್ನಾಗೈತೆ ಅಂತಾರೆ ಅಜ್ಜಿ, ಹೆಬ್ಬೆಟ್ಟು ಸುಳ್ಳು ಹೇಳಲ್ಲ ಅಂದ್ಲು. ಮೊದ್ಲನೇ ಸಲ ನಂಗೂ ಒಬ್ಳು ಉಬ್ಬಿಸದೇ ಇರೋ ಹೆಂಗಸು ಸಿಕ್ಕಿದ್ಲು.

ಆಮೇಲೆ ನೋಡಿ ಮಜಾ ಸುರುವಾಗಿದ್ದು. ಕಾಲು ಉಳುಕೈತೆ ಅಂದ್ರೆ ರಾಚಯ್ಯ ಅಂತ ಸೈಟಿಗೆ ಕಲಿಸಿದ್ಲು. ಜಿಪ್ಪು ಕಿತ್ತೋಗೈತೆ ಅಂದ್ರೆ ದರ್ಜಿ, ಹೆಂಡ್ತಿ ಮಾತಾಡ್ತಿಲ್ಲ ಅಂದ್ರೆ ಹೂವಾಡಗಿತ್ತಿ. ಕೇಳೋದು ಕೇಳಿ ಆ ಬಾಗ್ಲು ತುಳೀದೇ ಹೋದೋರ ಕೇಳಿಕೆ ಲೆಕ್ಕಕ್ಕಿಲ್ಲ, ಅಂಥಾವು ಜಾಸ್ತಿ ಆದ್ರೆ ಮನೆ ಇನ್ನೂ ಹಿಂದಕ್ಕೆ ಅಂತಾನೂ ಮಾಡಿದ್ಲು. ಅದು ಕೆಂಪಣ್ಣನ ನೆಂಟರಿಗೆ ಅಂತ ಮಾಡಿದ್ದು. ಮಾರನೇ ಬೆಳಿಗ್ಗೆ ಊರಿಗೆ ಊರೇ ಕುಂಟೆಬಿಲ್ಲೆ ಆಡ್ತು. ಎಂದೂ ಮುಂದಕ್ಕೆ ಬರದ ರಾಚಯ್ಯನ ಮನೆ ಎಂಟು ಮನೆ ಹಾರ್ಕೊಂಡು ಬಂತು, ಅವನು ಮಂಚದಿಂದ ಬಿದ್ದು ಅವನ ಕಾಲೇ ಉಳುಕಿತು. ಡೈರಿ ಎರಡನೇ ಸಾಲಿಗೆ ಹೋಯ್ತು. ಜನ ಬೆಳಗಾದ್ರೆ ಸಾಕು, ಇವತ್ತು ಯಾರು ಬಂದವ್ರೆ ನೋಡಾನ ಅಂತ ಬಾಗ್ಲಲ್ಲಿ ಕಾಯೋರು. ನಂಗಂತೂ ಹದಿನಾರು ವರ್ಷದವಳ ಥರ ಎದೆ ಕುಣೀತಿತ್ತು.

ಆ ಕುಣಿತದಲ್ಲೇ ತೇಜಮ್ಮಂಗೆ ಚಿಕ್ಕತಾಯಿ ವಿಷ್ಯ ಹೇಳಿದೆ. ಅವಳು ಎಲ್ಲಾ ಕೇಳ್ಕೊಂಡು, ಅವರು ಬೇಕಾದಾಗ ಜನ ಏನಂತ ಕೇಳ್ತಾರೆ ಅಂದ್ಲು. ಏನೂ ಕೇಳಲ್ಲ, ಒಳಲೆ ಬೋರಲು ಹಾಕ್ತಾರೆ ಅಂದೆ. ಹುಡುಗಿ ಪೆನ್ಸಿಲ್ ಕಚ್ಕೊಂಡು ಕೂತ್ಲು. ಬಾಯಿ ಬಿಟ್ಟು ಕೇಳಿದ್ದನ್ನ ಹುಡುಕ್ಸೋದು ಗೊತ್ತು, ಕೇಳದೇ ಇರೋದನ್ನ ಹುಡುಕ್ಸೋದು ಹೆಂಗೆ ಅಂತ ಯೋಚನೆ ಮಾಡ್ಬೇಕು, ವಸಿ ಟೈಮು ಕೊಡಿ ಅಂದ್ಲು.

ಟೈಮು ಕೊಡೋಕೆ ನಂಗೆಲ್ಲಿತ್ತು ತಾಳ್ಮೆ. ಮಧ್ಯಾಹ್ನ ಬಾವಿಕಟ್ಟೇಲಿ ಹೆಂಗಸ್ರನ್ನೆಲ್ಲ ಸೇರಿಸ್ದೆ. ಚಿಕ್ಕತಾಯಿ ಮನೆ ಮರ ದಾಟಿದ್ರೆ ನಿಮ್ಮ ಸೊಸೆಯರ ಗತಿ ಏನು, ಎಲ್ರೂ ಅವಳ ಹೆಸರು ಒತ್ರೇ ಅಂದೆ. ಒತ್ತಿದ್ರು ನೋಡಿ. ಫೋನುಗಳು ಕಾದು ಒಂದರ ಮ್ಯಾಲೆ ಹಪ್ಪಳ ಸುಟ್ಕೊಂಡೆವು ಅಂದ್ರೆ ನಂಬ್ತೀರಾ? ನಂಬಬ್ಯಾಡಿ. ಆದ್ರೆ ಕೋಳಿ ಕೂಗೋ ಹೊತ್ಗೆ ಚಿಕ್ಕತಾಯಿ ಮನೆ ಊರನ್ನೆಲ್ಲ ಸೀಳ್ಕೊಂಡು ಬಂದು ಬಸ್ ಸ್ಟ್ಯಾಂಡಿನ ಮುಂದೆ, ಟೀ ಅಂಗಡಿಗೆ ಎದುರಾಗಿ ನಿಂತಿತ್ತು, ಇದು ಮಾತ್ರ ಹಿಟ್ಟಷ್ಟೇ ನಿಜ.

ನಾನು ಮೆರವಣಿಗೆ ಥರ ಹೋದೆ. ಚಿಕ್ಕತಾಯಿ ಬಾಗ್ಲು ಅರ್ಧ ಮುಚ್ಕೊಂಡು ಕೂತಿದ್ಲು. ಎದುರಿಗೆ ಟೀ ಕುಡಿಯೋ ಗಂಡಸ್ರೆಲ್ಲ ಇದ್ಯಾವ ಅಂಗಡಿ, ಏನು ಸಿಗ್ತದೆ ಅಂತ ಇಣುಕ್ತಿದ್ರು. ಯಾವ ಹೆಂಗಸು ಆ ಬಾಗ್ಲಿಗೆ ಬಂದಾಳು? ಅದೂ ಅಲ್ದೆ ನಮ್ಮಲ್ಲಿ ಬಾಣಂತಿ ಮುಂಬಾಗ್ಲು ದಾಟಲ್ಲ, ಅವಳಿಗೇನಿದ್ರೂ ಹಿತ್ತಿಲ ಬಾಗ್ಲು. ಇಷ್ಟು ವರ್ಷ ಬದುಕಿರೋ ನಂಗೆ ಇದು ಗೊತ್ತಿರಲಿಲ್ವಾ? ಗೊತ್ತಿತ್ತು. ಆದ್ರೆ ಈ ಊರಲ್ಲಿ ಹುಟ್ದೋರಿಗೆ ಮುಂದೆ ಬರೋದೇ ಒಳ್ಳೇದು ಅನ್ನೋದು ಮೂಳೆಗೆ ಇಳಿದುಬುಟ್ಟಿರ್ತದೆ.

ಅವಳು ಕಿರುಚಲಿಲ್ಲ. ಎಲೆ ಅಡಿಕೆ ಕುಟ್ಟಾಣಿ ತೊಡೆ ಮ್ಯಾಲೆ ಇಟ್ಕೊಂಡು, "ಅಕ್ಕಯ್ಯ, ನಾನು ಹಿತ್ಲ ಗಿಡ. ನನ್ನ ತಂದು ಸಂತೇಲಿ ನೆಟ್ಟುಬುಟ್ಟೆ" ಅಂದ್ಲು.

"ನೆರಳಾದ್ರೂ ಕೊಡು, ಟೀ ಕುಡಿಯೋರಿಗೆ ಆಯ್ತದೆ" ಅಂದೆ. ನಗ್ತಾಳೆ ಅಂದ್ಕೊಂಡಿದ್ದೆ. ಅವಳು ಎದ್ದು ಬಾಗ್ಲು ಪೂರ್ತಿ ಹಾಕ್ಕೊಂಡ್ಲು.

ಕೇಳಿದೋರು ಅಷ್ಟೊಂದು ಜನ, ಬಾಗ್ಲು ತುಳಿದೋರು ಒಬ್ರೂ ಇಲ್ಲ. ಕೆಂಪಣ್ಣನ ನೆಂಟರಿಗೆ ಅಂತ ತೇಜಮ್ಮ ಹಾಕಿದ್ದ ಕಟ್ಲೆ ನಮ್ಮ ಚಿಕ್ಕತಾಯಿ ಕುತ್ತಿಗೆಗೆ ಬಂತು. ದಿನಾ ಬೆಳಿಗ್ಗೆ ಅವಳ ಮನೆ ಬಿದ್ದ ಚೆಂಡಿನ ಥರ ಹಿಂದಕ್ಕೆ ಉರುಳ್ತು. ತೇಜಮ್ಮ ಆ ಕಟ್ಲೆ ತೆಗಿಯೋಕೆ ಕೂತ್ಲು, ತೆಗೆದೂ ಬುಟ್ಲು, ಅಷ್ಟ್ರಲ್ಲಿ ಹೊತ್ತು ಮೀರಿತ್ತು. ಒಂದು ಬೆಳಿಗ್ಗೆ ನಾನು ಹುಣಸೆಮರದ ಕೆಳಗೆ ಹೋಗಿ ನಿಂತ್ರೆ, ಆಚೆಗೆ ಬರೀ ಬಯಲು. ಗರಿಕೆ ಹುಲ್ಲು. ಚಿಕ್ಕತಾಯಿ ಅಂತ ಕೂಗಿದೆ. ಸುಮ್ನೆ ನಿಂತ್ಮೇಲೆ ಕೇಳಿಸ್ತು, ಗಾಳಿ ಒಳಗಿಂದ, ಟಣ್ ಟಣ್ ಟಣ್ ಅಂತ ಕುಟ್ಟಾಣಿ. ಅಲ್ಲೇ ಅವ್ಳೆ. ಕೈ ಚಾಚಿದ್ರೆ ಗಾಳಿ. ನಾನು ದುಂಡಮ್ಮ, ಗಂಡ ಸತ್ತಾಗ್ಲೂ ಬಾಯಿ ಮುಚ್ಚಿದೋಳಲ್ಲ. ಅವತ್ತು ಮನೆವರ್ಗೂ ಮಾತಿಲ್ದೆ ನಡ್ಕೊಂಡು ಬಂದೆ.

ಆ ವಾರವೇ ಕೆಂಪಣ್ಣನ ಸೊಸೆ ಸುಕನ್ಯ ಹೆತ್ಲು. ಗಂಡು ಕೂಸು, ಅಜ್ಜನ ಥರಾನೇ ಹಟಮಾರಿ. ಮೊಲೆ ಹಿಡೀಲಿಲ್ಲ. ಡಾಕ್ಟ್ರು ನೋಡಿ, ಕೂಸು ಚೆನ್ನಾಗೈತೆ, ತಾಯಿಗೂ ಹಾಲೈತೆ, ಇಬ್ರೂ ಅಭ್ಯಾಸ ಮಾಡ್ಕೋಬೇಕು, ಅಲ್ಲೀವರ್ಗೂ ಹಿಂಡಿ ಕುಡಿಸಿ ಅಂದ್ರಂತೆ. ಹಿಂಡಿದ್ದು ತೊಟ್ಟು ತೊಟ್ಟು, ಕೂಸಿನ ಅಳು ಊರಗಲ. ಆ ಹುಡುಗಿ ಅತ್ತೂ ಅತ್ತೂ, ಮಗು ಹಾಲು ಕುಡೀತಿಲ್ಲ ಅಂತ ಫೋನಲ್ಲಿ ಒತ್ತಿದ್ಲು. ಸೈಟು ಹೇಳ್ತು, ಹಾಲು ಬೇಕಾ, ಡೈರಿ, ನಿಮ್ಮ ಮನೆ ಪಕ್ಕದಲ್ಲೇ ಐತೆ ಅಂತ. ಮಾವನ ಡೈರೀನೇ. ಕ್ಯಾನುಗಟ್ಲೆ ಹಾಲಿನ ಮಧ್ಯೆ ಆ ಮನೆ ಕೂಸು ಹಸ್ಕೊಂಡು ಕೂಗ್ತಿತ್ತು. ಸುಕನ್ಯಳ ಅತ್ತೆ ಹಿತ್ತಿಲ ಮೆಟ್ಟಿಲ ಮ್ಯಾಲೆ ಒಳಲೆ ಬೋರಲು ಹಾಕಿದ್ಲು. ನೋಡೋ ಕಣ್ಣು ಹುಣಸೆಮರದಾಚೆ ಇತ್ತು.

ತೇಜಮ್ಮನ ಕೈ ಹಿಡ್ಕೊಂಡು ಆ ಹಿತ್ತಿಲಿಗೆ ಕರ್ಕೊಂಡು ಹೋದೆ, ನೋಡು ನಿನ್ನ ಸೈಟಿನ ಬುದ್ಧಿ ಅಂತ. ಅವಳು ಸೈಟು ನೋಡಲಿಲ್ಲ, ಒಳಲೆ ನೋಡಿದ್ಲು. ಆಮೇಲೆ ಗೋಡೆ ಮ್ಯಾಲಿಂದ ಆಚೆ ಮನೆ ಹಿತ್ತಿಲು, ಅದರಾಚೆ ಹಿತ್ತಿಲು, ಹೆಂಗಸ್ರು ಗೋಡೆಗೆ ಗಲ್ಲ ಊರ್ಕೊಂಡು ಮಾತಾಡ್ತಿರೋದು, ಎಲ್ಲಾ ನೋಡ್ತಾ ನಿಂತ್ಲು. ಕಣ್ಣು ಹಂಗೆ ದೊಡ್ಡದಾಗ್ತಾ ಹೋಯ್ತು, ದೋಸೆ ಹೆಂಚಿನಷ್ಟು ಆಯ್ತು.

"ಅಜ್ಜಿ, ಎಲ್ಲರಿಗೂ ಒಂದೇ ಮುಂದು ಯಾಕಿರಬೇಕು?" ಅಂದ್ಲು. "ಇವರಿಗೆ ಬೇಕಾಗಿರೋದು ಬೀದಿ ಅಲ್ಲ, ಹಿತ್ತಿಲು."

ಮನೆಗೆ ಬಂದು ನನ್ನ ಹಳೇ ಲಗ್ನಪತ್ರಿಕೆಗಳ್ನೆಲ್ಲ ಕೇಳಿದ್ಲು. ಅವುಗಳ ಬೆನ್ನಿನ ಮ್ಯಾಲೆ ಫೋನಿನ ಥರ ಚೌಕ ಬರೆದು, ಒಳಗೆ ಚಿತ್ರ ಬರೆದು, ಒತ್ತಿ ಅಜ್ಜಿ ಅಂದ್ಲು. ಕಾಗದದ ಫೋನು. ನಾನು ಒತ್ತಿದ್ರೆ ಅವಳು ಇನ್ನೊಂದು ಲಗ್ನಪತ್ರಿಕೆ ಮುಂದಿಡೋಳು, ಅದೇ ಮುಂದಿನ ಪುಟ. ಎರಡನೇ ಕ್ಲಾಸಿಗೆ ಇಸ್ಕೂಲು ಬಿಟ್ಟೋಳು ನಾನು, ಅಕ್ಷರ ಕಂಡ್ರೆ ಇರುವೆ ಸಾಲು ಕಂಡಂಗೆ. ಹಂಗಾಗಿ ಅಕ್ಷರ ಬ್ಯಾಡ, ಬರೀ ಒಳಲೆ ಇರ್ಲಿ ಅಂತಾಯ್ತು. ಮೊದ್ಲು ಬರೆದಾಗ ಅದು ಬಾತುಕೋಳಿ ಥರ ಇತ್ತು. ಬಾತುಕೋಳಿ ಮನೆ ಮುಂದಕ್ಕೆ ಬತ್ತದೆ ಕಣವ್ವ ಅಂದೆ. ಅಳಿಸಿ ಬರೆದ್ಲು, ದೋಣಿ ಆಯ್ತು. ಪಕ್ಕದ ಹೆಂಗಸ್ರನ್ನ ಒಬ್ಬೊಬ್ರನ್ನೇ ಕರ್ದು ತೋರಿಸಿದ್ವಿ. ಏನಿದು ಅಂತ ನಾವು ಹೇಳೋ ಹಂಗಿಲ್ಲ, ಅವ್ರೇ ಹೇಳ್ಬೇಕು, ಬಾಯಿಗೆ ಸೆರಗು ತುರುಕ್ಕೋ ಅಂತ ನಂಗೆ ಅಪ್ಪಣೆ ಆಗಿತ್ತು. ಕೊನೇಗೆ ಬೋರಲು ಹಾಕಿದ ಒಳಲೆ ಬರೆದಾಗ, ಗಿರಣಿ ಮನೆಯವಳು ನೋಡಿದವಳೇ ತಲೆ ಬಗ್ಗಿಸಿ, ಯಾರ ಮನೆ ಕೂಸು ಅಂತ ಮೆಲ್ಲಗೆ ಕೇಳಿದ್ಲು. ತೇಜಮ್ಮ ನನ್ನ ತಬ್ಕೊಂಡ್ಲು, ಸೆರಗು ಬಾಯಲ್ಲೇ ಇತ್ತು.

ಆ ಚಿತ್ರ ಎಲ್ಲರಿಗೂ ಕಾಣೋದು ಬ್ಯಾಡ, ಸೈಟಿಗೊಂದು ಹಿತ್ತಿಲು ಇರ್ಲಿ, ಅದ್ರಲ್ಲಿ ಹೆಂಗಸ್ರು ಮಾತ್ರ ಮಾತಾಡ್ಲಿ, ಬೀದಿಗೆ ಕೇಳಿಸ್ದಿರ್ಲಿ ಅಂತ ತೇಜಮ್ಮ ಎಣಿಸಿದ್ಲು. ಅಲ್ಲಿ ಗೋಡೆ ಕಾಯೋಕೆ ಯಾರಾದ್ರೂ ಬೇಕು, ಕೊಂಕು ಮಾತಾಡೋರನ್ನ ಆಚೆ ಹಾಕೋಕೆ ಅಂದ್ಲು. ಊರಿನ ಕೊಂಕೆಲ್ಲ ನನ್ನ ಮನೇಲೇ ತಯಾರಾಗೋದು, ನಂಗಿಂತ ಚೆನ್ನಾಗಿ ಗುರ್ತು ಹಿಡಿಯೋರು ಯಾರು ಅಂತ ನಾನೇ ಒಪ್ಕೊಂಡೆ.

ಕೆಂಪಣ್ಣ ಒಪ್ಪಿಗೆ ಕೊಡ್ಬೇಕಿತ್ತಲ್ಲ. ಮೊದ್ಲೇ ಡೈರಿ ಹಿಂದಕ್ಕೆ ಹೋಗಿ ಮುಖ ಹುಳಿ ಮಜ್ಜಿಗೆ ಆಗಿತ್ತು. ಮುಂದೆ ಅಂದ್ರೆ ಮುಂದೆ, ಹಿಂದೆ ಅಂದ್ರೆ ಹಿಂದೆ, ಇದೇನು ಒಬ್ಬೊಬ್ರಿಗೆ ಒಂದೊಂದು ಊರಾ ಅಂದ. ತೇಜಮ್ಮ ಏನೋ ವಿವರಿಸೋಕೆ ಹೊರಟ್ಲು. ಒಳಗಿಂದ ಕೂಸು ಕೂಗ್ತು. ಕೂಗಿ ಕೂಗಿ ದನಿ ಬತ್ತಿ ಬೆಕ್ಕಿನ ಮರಿ ಥರ ಆಗಿತ್ತು. ನಾನು ಬಾಯಿ ಹಾಕಲಿಲ್ಲ, ಅದೇ ದೊಡ್ಡ ಪವಾಡ. ಕೆಂಪಣ್ಣ ವಸಿ ಹೊತ್ತು ಹಾಲಿನ ಕ್ಯಾನುಗಳ್ನ ನೋಡ್ತಾ ಕೂತಿದ್ದ. ಆಮೇಲೆ ತಲೆ ಎತ್ತದೆ, "ಏನ್ ಮಾಡ್ತೀಯೋ ಮಾಡವ್ವ, ಬೇಗ ಮಾಡು" ಅಂದ.

ಸಂಜೆ ದೀಪ ಹಚ್ಚೋ ಹೊತ್ಗೆ ಸುಕನ್ಯಳ ಫೋನಲ್ಲಿ ಒಂದು ಪುಟ್ಟ ಬಾಗ್ಲು ಬಂತು, ಅದನ್ನ ತೆಗೆದ್ರೆ ಬೋರಲು ಒಳಲೆ. ಹುಡುಗಿ ನಮ್ಮಿಬ್ರ ಮುಖ ನೋಡಿ ಒತ್ತಿದ್ಲು. ಡಬ್ಬ ಏನೂ ಸಿಗಲಿಲ್ಲ ಅನ್ನಲಿಲ್ಲ. ನೋಡ್ಕೊಂಡು ಬತ್ತೀನಿ, ಕಾಯ್ತಾ ಇರಿ ಅಂತು. ಹಂಗೆ ಹೇಳ್ಬೇಕು ಅಂತ ತೇಜಮ್ಮಂಗೆ ನಾನೇ ಹೇಳಿಕೊಟ್ಟಿದ್ದು. ಮನೆ ಬಾಗ್ಲಿಗೆ ಬಂದೋರಿಗೆ ಇಲ್ಲ ಅನ್ನೋ ಮಾತು ಮೊದ್ಲು ಬರ್ಬಾರ್ದು, ಅನ್ನ ಇಲ್ದಿದ್ರೂ ಕೂತ್ಕೊಳ್ಳಿ ಅನ್ಬೇಕು.

ನಾವ್ಯಾರೂ ಸರಿಯಾಗಿ ಮಲಗಲಿಲ್ಲ. ಕೋಳಿ ಕೂಗ್ತು, ನೆಲ ಅಲ್ಲಾಡ್ತು. ಆದ್ರೆ ಅವತ್ತಿನ ಗಡಗಡ ಬ್ಯಾರೆ ಥರ, ಬೀದಿ ಕಡೆಯಿಂದ ಅಲ್ಲ, ಬೆನ್ನ ಕಡೆಯಿಂದ. ನಾನೂ ತೇಜಮ್ಮನೂ ಓಡಿದ್ವಿ. ಓಡಿದ್ವಿ ಅಂದ್ರೆ ಅವಳು ಓಡಿದ್ಲು, ನಾನು ಉರುಳಿದೆ. ಬೀದಿಲಿ ಏನೂ ಬದಲಾಗಿರಲಿಲ್ಲ. ಕೆಂಪಣ್ಣನ ಮನೆ ನಡುಮನೆ ದಾಟಿ, ಅಡಿಗೆಮನೆ ದಾಟಿ, ಹಿತ್ತಿಲ ಬಾಗ್ಲಿಗೆ ಬಂದ್ವಿ. ಮೊದ್ಲು ಕಿವಿಗೆ ಬಿತ್ತು. ಟಣ್ ಟಣ್ ಟಣ್. ಗೋಡೆಗೆ ಗೋಡೆ ತಾಗಿಸ್ಕೊಂಡು, ಬೆನ್ನಿಗೆ ಬೆನ್ನು ಕೊಟ್ಕೊಂಡು, ಹುಣಸೆ ಎಲೆ ಮೈತುಂಬ ಉದುರಿಸ್ಕೊಂಡು ಚಿಕ್ಕತಾಯಿ ಮನೆ ನಿಂತಿತ್ತು. ಅವಳ ಹಿತ್ತಿಲ ಬಾಗ್ಲೂ ಈ ಹಿತ್ತಿಲ ಬಾಗ್ಲೂ ಎದುರುಬದುರು, ನಡುವೆ ಮೂರು ಹೆಜ್ಜೆ ದೂರ.

ಚಿಕ್ಕತಾಯಿ ಬಾಗ್ಲು ತೆಗೆದ್ಲು, ಮೆಟ್ಟಿಲ ಮ್ಯಾಲಿನ ಒಳಲೆ ನೋಡಿದ್ಲು, ನನ್ನ ನೋಡಿದ್ಲು. ನನ್ನ ಪಕ್ಕಕ್ಕೆ ತಳ್ಳಿ ಒಳಗೆ ಹೋದ್ಲು. ನಾವು ಹೊರಗೇ ನಿಂತ್ವಿ. ಕೂಸು ಕೂಗ್ತಿತ್ತು, ಚಿಕ್ಕತಾಯಿ ಗುನುಗ್ತಿದ್ಲು, ಕೂಸು ಇನ್ನೂ ಕೂಗ್ತಿತ್ತು, ಆಮೇಲೆ ಕೂಸಿನ ಕೂಗು ಅರ್ಧಕ್ಕೆ ನಿಂತೋಯ್ತು. ಲೊಚಕ್ ಅನ್ನೋ ಸದ್ದು ಊರಿನ ಆಚೆ ತುದಿವರ್ಗೂ ಕೇಳಿಸ್ತು. ಇದನ್ನ ಉಬ್ಬಿಸ್ತಿಲ್ಲ. ಕೆಂಪಣ್ಣ ಮುಂಬಾಗ್ಲಲ್ಲಿ ಮುಖ ಆ ಕಡೆ ತಿರುಗಿಸ್ಕೊಂಡು ಮೂಗು ಒರೆಸ್ಕೊಂಡ. ತೇಜಮ್ಮ ಹಿತ್ತಿಲ ಕಲ್ಲಿನ ಮ್ಯಾಲೆ ಕೂತು ನಗ್ತಾ ಅಳ್ತಾ ಇದ್ಲು, ಯಾವುದು ಮೊದ್ಲು ಮುಗಿಸ್ಬೇಕು ಅಂತ ಗೊತ್ತಾಗ್ದೋಳ ಥರ.

ಈಗ ಚಿಕ್ಕತಾಯಿ ಮನೆ ಹಿಂದ್ಲ ಸಾಲಲ್ಲೂ ಇಲ್ಲ, ಮುಂದ್ಲ ಸಾಲಲ್ಲೂ ಇಲ್ಲ. ಇವತ್ತು ಗಿರಣಿ ಮನೆ ಬೆನ್ನಿಗೆ, ನಾಳೆ ದರ್ಜಿ ಮನೆ ಬೆನ್ನಿಗೆ. ಅವಳ ಮಂಡಿಗೆ ಸುಖ, ಮನೇನೇ ನಡೀತದೆ. ತೇಜಮ್ಮ ಬ್ಯಾರೆ ಊರಿಗೆ ಹೊರಡೋ ದಿನ ನಾನೂ ಒಂದು ಫೋನು ಇಟ್ಕೊಂಡೆ, ಗೋಡೆ ಕಾಯೋ ಕೆಲಸಕ್ಕೆ ಅಂತ. ಚಿಕ್ಕತಾಯಿ ಮಾತ್ರ ನನ್ನ ಜೊತೆ ಮಾತು ಬಿಟ್ಟಿದ್ಲು. ಸಂತೇಲಿ ನೆಟ್ಟಿದ್ದನ್ನ ಮರೀತಾಳಾ ಅವಳು. ಊರಿಗೆಲ್ಲ ಸಿಗೋಳು, ನಂಗೆ ಸಿಗೋಳಲ್ಲ. ನನ್ನ ಮನೇಲಿ ಮಾತಿಗೆ ಜನ ಇದ್ರು, ಜಗಳಕ್ಕೆ ಒಬ್ಳೂ ಇರಲಿಲ್ಲ. ಜಗಳ ಇಲ್ದಿರೋ ಬೆಳಿಗ್ಗೆ ಉಪ್ಪಿಲ್ದ ಅಂಬಲಿ ಕಣ್ರಪ್ಪ.

ಒಂದು ಸಂಜೆ ಫೋನು ತೆಗೆದೆ. ಪುಟ್ಟ ಬಾಗ್ಲು ತೆಗೆದೆ. ಹೆಬ್ಬೆಟ್ಟು ಸುಳ್ಳು ಹೇಳಲ್ಲ ಅಂದಿದ್ಲಲ್ಲ ಹುಡುಗಿ. ಒತ್ತಿದೆ.

ಕೋಳಿ ಕೂಗೋ ಹೊತ್ಗೆ ಬೆನ್ನ ಕಡೆ ಗಡಗಡ ಅಂತು. ಹಾಸಿಗೆ ಬಿಟ್ಟು ಹಿತ್ತಿಲ ಬಾಗ್ಲು ತೆಗೆದೆ. ಎದುರಿಗೆ ಚಿಕ್ಕತಾಯಿ, ಕುಟ್ಟಾಣಿ ಕೈಲಿ ಹಿಡ್ಕೊಂಡು, ನನ್ನ ಮನೆ ಒಳಕ್ಕೆ ಇಣುಕಿ ನೋಡ್ತಿದ್ಲು.

"ಎಲ್ಲಿ ಕೂಸು?" ಅಂದ್ಲು.

"ನಾನೇ" ಅಂದೆ. "ಒಬ್ಳೇ ಕೂತ್ರೆ ಕಾಫಿ ಇಳೀತಿಲ್ಲ."

ಅವಳು ನನ್ನ ಮೇಲಿಂದ ಕೆಳಕ್ಕೆ ನೋಡಿದ್ಲು, ಉದ್ದಕ್ಕಿಂತ ಅಗಲಕ್ಕೇ ಜಾಸ್ತಿ ಹೊತ್ತು ನೋಡಿದ್ಲು. ಆಮೇಲೆ ಮೂರು ಹೆಜ್ಜೆ ದಾಟಿ ಒಳಗೆ ಬಂದು, ನನ್ನ ಬೆನ್ನಿಗೊಂದು ದಿಂಬು ಕೊಟ್ಟು, ಹಾಲು ಕಾಯ್ಸೋಕೆ ಇಟ್ಟು, ಬೈಯೋಕೆ ಸುರು ಮಾಡಿದ್ಲು.